ಅಂಟು

ಗುರುವಾರ ರಾತ್ರಿ ಅಂದರೆ ನಮ್ಮನೆಯಲ್ಲಿ ಮೈದಾ.
ದೊಡ್ಡ ಡಬರಿಗೆ ಮೂರು ಕೊಡ ನೀರು,
ನೀರು ಸುಯ್ ಅಂದಾಗ ಹಿಟ್ಟು,
ಗಂಟಾಗದ ಹಾಗೆ ಕೈ ಬಿಡದೆ ತಿರುವಬೇಕು.
ಕೊನೆಗೆ ಚಿಟಿಕೆ ಮೈಲುತುತ್ತ,
ಜಿರಳೆಗೂ ಆಡಿಗೂ ಹೆದರಿಕೆ ಇರಲಿ ಅಂತ.
ಆಡು ಎಲ್ಲಿ ಹೆದರುತ್ತದೆ.
ಹೊಂಡದ ಸರ್ಕಲ್ಲಿನ ಆಡುಗಳು
ಎಷ್ಟು ನಾಯಕರ ಕೆನ್ನೆ ತಿಂದಿವೆಯೋ.

ಎರಡು ಗಂಟೆಗೆ ಇವರು, ಸೈಕಲ್ಲು, ಏಣಿ, ಬಕೆಟ್ಟು.
ಬೆಳಗಾಗುವುದರೊಳಗೆ ದಾವಣಗೆರೆಗೆ ಹೊಸ ಮುಖ.

ಆ ಸಲ ಯುಗಾದಿಗೆ ಇನ್ನೂ ಹನ್ನೆರಡು ದಿನ ಇತ್ತು.
ಮಲ್ಲಿಕಾ ಟಾಕೀಸಿನ ಕೊಟ್ರೇಶಿ ಆಟೋದಲ್ಲಿ ಕಳಿಸಿದ
ಮುನ್ನೂರು ಪೋಸ್ಟರಿನ ಕಟ್ಟು, ಮಸಿ ವಾಸನೆ ಆರಿರಲಿಲ್ಲ.
ನಾಯಕ ಮಚ್ಚು ಹಿಡಿದು ಮಳೆಯಲ್ಲಿ ನಿಂತಿದ್ದ,
ಕಾಲ ಬುಡದಲ್ಲಿ ಹಳದಿ ಪಟ್ಟಿ: ಇದೇ ಶುಕ್ರವಾರದಿಂದ.
ಮಾರನೇ ದಿನ ಕೊಟ್ರೇಶಿಯೇ ಫೋನು ಮಾಡಿದ,
"ಅಂಟು ಕಾಸಬ್ಯಾಡ ಅನ್ನು ನಿಮ್ಮನೇರಿಗೆ.
ಒಂದ್ ವಾರ ಬಂದ್ ಅಂತೆ."

ಒಂದು ವಾರ.

ಆಟೋಕ್ಕೆ ಮೈಕು ಕಟ್ಟಿ ಪಾಲಿಕೆಯವರು
ಅಂಟುರೋಗ, ಯಾರೂ ಯಾರನ್ನೂ ಅಂಟಬೇಡಿ
ಅಂತ ಕೂಗಿಕೊಂಡು ಹೋದರೆ
ಇಪ್ಪತ್ತು ವರ್ಷ ಅಂಟಿನಲ್ಲೇ ಉಂಡ ನಾವು
ಬಾಗಿಲ ಸಂದಿಯಿಂದ ನೋಡಿದೆವು.
ಮಂಡಕ್ಕಿ ಭಟ್ಟಿಯ ಹೊಗೆ ನಿಂತಿತು.
ತಂತಿ ಮೇಲಿನ ಇವರ ಬನಿಯನ್ನು
ಮದುವೆಯಾದ ಮೇಲೆ ಮೊದಲ ಸಲ ಬೆಳ್ಳಗೆ ಒಣಗಿತು.

ಏಪ್ರಿಲಿನಲ್ಲಿ ಅಕ್ಕಿ ತಳ ಕಂಡಿತು.
ಮೈಲುತುತ್ತದ ಡಬ್ಬಿ ಅಟ್ಟ ಹತ್ತಿತು,
ಮೈದಾ ಚೀಲ ಒಲೆ ಪಕ್ಕಕ್ಕೆ ಬಂತು.
ಗೋಡೆಯ ಪಾಲಿನ ಹಿಟ್ಟು ನಾವು ತಿಂದೆವು,
ಹಗಲು ರೊಟ್ಟಿ, ರಾತ್ರಿ ಬೆಲ್ಲದ ಗಂಜಿ.
ಸಿಂಚನಾ ಒಂದು ಗುಟುಕು ಕುಡಿದು
"ಅವ್ವಾ, ಸಿನಿಮಾ ವಾಸನೆ" ಅಂದಳು.
ಇವರು ನಕ್ಕರು. ಆ ತಿಂಗಳು ನಕ್ಕಿದ್ದು ಅದೊಂದೇ ಸಲ.
ಅಲ್ಲ, ಇನ್ನೊಂದು ಸಲ, ಆಡಿನ ಸುದ್ದಿಗೆ:
ಶುಕ್ರವಾರ ನಸುಕಿಗೆ ಸರಿಯಾಗಿ ಬಂದು
ಖಾಲಿ ಗೋಡೆ ಮೂಸಿ ಹೋಗುತ್ತವಂತೆ,
ಬಾಡಿಗೆ ವಸೂಲಿಗೆ ಬಂದವರ ಹಾಗೆ.

ಮುನ್ನೂರರಲ್ಲಿ ಮೂರು ಪಾತ್ರೆ ಗೂಡಿಗೆ, ಎರಡು ಸೋರುವ ಶೀಟಿಗೆ,
ಉಳಿದವು ಮಂಚದಡಿ.
ಮಗಳ ಪುಸ್ತಕಕ್ಕೆ ಅದೇ ಹೊದಿಕೆ,
ಲೆಕ್ಕಕ್ಕೆ ಮಚ್ಚು, ಪರಿಸರಕ್ಕೆ ನಾಯಕಿಯ ಒಂದು ಕಣ್ಣು.
ಹಳದಿ ಪಟ್ಟಿಯ ಮೇಲೆ ಬೆರಳಿಟ್ಟು ಕೂಡಿಸಿ ಓದುವಳು
ಇ, ದೇ, ಶು, ಕ್ರ...
"ಯಾವ್ದವ್ವಾ ಇದು, ಇದೇ ಅನ್ನೋದು?"
ನಾನು ಪಾತ್ರೆ ತಿಕ್ಕುತ್ತಿದ್ದೆ. ತಿಕ್ಕಿದೆ.

ಆ ಸಿನಿಮಾ ಬಂತು. ಶ್ರಾವಣದಲ್ಲಿ, ಒಂದು ಮಂಗಳವಾರ,
ಪಕ್ಕದ ಮನೆ ಇಮ್ತಿಯಾಜನ ಫೋನಿನೊಳಗೆ.
ಇವರು ಕಟ್ಟೆ ಮೇಲೆ ಕೂತು
ಅಂಗೈಯಗಲದ ಮಳೆ ನೋಡಿದರು,
ಇಂಟರ್‌ವಲ್ ಇರುತ್ತದೆಂದು ಬೀಡಿ ತೆಗೆದು ಕಾದರು,
ಅದು ಬರಲೇ ಇಲ್ಲ.
"ಹೆಂಗಿತ್ತು?" ಅಂದೆ.
"ಮಚ್ಚು ಸಣ್ಣದು" ಅಂದರು.

ದಸರೆ ಹೊತ್ತಿಗೆ ಟಾಕೀಸು ತೆಗೆದರು.
ಒಂದು ಬಿಟ್ಟು ಒಂದು ಕುರ್ಚಿಗೆ ತೆಂಗಿನ ಹುರಿ.
"ಐವತ್ತು ಹಚ್ಚು, ಸಾಕು" ಅಂದ ಕೊಟ್ರೇಶಿ,
"ಹಳೇದೇ ಹಾಕ್ತೀವಿ, ಹೊಸದು ಯಾರೂ ಬಿಡ್ತಿಲ್ಲ."

ಡಬರಿ ಇಟ್ಟೆ. ಐವತ್ತಕ್ಕೆ ಎಷ್ಟು ಹಿಟ್ಟು?
ನನ್ನ ಕೈಗೆ ಗೊತ್ತಿದ್ದದ್ದು ಮುನ್ನೂರರ ಅಳತೆ.
ಗಂಟು ಕಟ್ಟಿತು. ಇವರು ಏಣಿಯ ಮೆಟ್ಟಿಲಿಗೆ
ಹಗ್ಗ ಬಿಗಿಯುತ್ತಿದ್ದರು, ಏನೂ ಅನ್ನಲಿಲ್ಲ.
ಕುದಿಯುವ ಸದ್ದಿಗೆ ಸಿಂಚನಾ ಎದ್ದು ಬಂದು
ನಿದ್ದೆಗಣ್ಣಲ್ಲೇ ಒಲೆ ಮುಂದೆ ಕೂತಳು,
"ಬೆಲ್ಲ ಹಾಕಿದ್ಯಾ?"

ಅಟ್ಟಕ್ಕೆ ಕೈ ಚಾಚಿದೆ.
ಡಬ್ಬಿಯೊಳಗೆ ಮೈಲುತುತ್ತ ಕಲ್ಲಾಗಿತ್ತು, ಕಡುನೀಲಿ.
ಅವಳಿಗೊಂದು ಬಟ್ಟಲು ಮೊದಲು ತೆಗೆದಿಟ್ಟೆ.
ಆಮೇಲೆ ಕುಟ್ಟಿ ಹಾಕಿದೆ.